ಮೊದಲು ಅಂಗಾಲು ನೋಡಿ: ಚರ್ಮದ ಕ್ಯಾನ್ಸರ್ ಗುರುತಿಸಲು, ತಡೆಯಲು ಸಮಗ್ರ ಮಾರ್ಗದರ್ಶಿ

ನಮ್ಮ ದೊಡ್ಡಮ್ಮನ ಬಲಗಾಲಿನ ಹಿಮ್ಮಡಿಯ ಪಕ್ಕದಲ್ಲಿ ಒಂದು ಕಪ್ಪು ಚುಕ್ಕೆ ಇತ್ತು. ಮೊದಮೊದಲು ಮೆಣಸಿನ ಕಾಳಿನಷ್ಟೇ. ತೆಂಗಿನ ತೋಟದಲ್ಲಿ ಬರಿಗಾಲಲ್ಲಿ ಓಡಾಡಿದ ಕಾಲು, ಮುಳ್ಳು ಮುರಿದು ಒಳಗೇ ಉಳಿದಿರಬೇಕು ಅಂದುಕೊಂಡರು. ಆರು ತಿಂಗಳು ಕಳೆಯುವಷ್ಟರಲ್ಲಿ ಎಲ್ಲರ ಬಾಯಲ್ಲೂ ಅದು ಆಣಿ ಆಗಿತ್ತು. ಮೆಡಿಕಲ್ ಸ್ಟೋರಿನಿಂದ ಆಣಿಯ ಪಟ್ಟಿ ತಂದು ಅಂಟಿಸಿದರು, ಬಿಸಿನೀರಲ್ಲಿ ನೆನೆಸಿ ಬ್ಲೇಡಿನಿಂದ ಹೆರೆದರು, ಸುಣ್ಣ ಬೆಲ್ಲ ಕಲಸಿ ಕಟ್ಟಿದರು. ಹೀಗೇ ಒಂದೂವರೆ ವರ್ಷ ಹೋಯಿತು.

ನಾನು ಅದನ್ನು ಹತ್ತಿರದಿಂದ ನೋಡಿದ್ದು ಗೌರಿ ಹಬ್ಬದ ದಿನ, ಅವರ ಕಾಲಿಗೆ ಅರಿಶಿನ ಹಚ್ಚುವಾಗ. ಹಳದಿಯ ಪಕ್ಕದಲ್ಲಿ ಆ ಕಪ್ಪು ಒಂದೇ ಕಪ್ಪಾಗಿರಲಿಲ್ಲ. ನಡುವೆ ಇದ್ದಿಲಿನಂತೆ, ಸುತ್ತ ಕಂದು, ಒಂದು ಬದಿಯಲ್ಲಿ ಒದ್ದೆ ಕಾಗದದ ಮೇಲೆ ಶಾಯಿ ಇಳಿದ ಹಾಗೆ ಅಂಚಿಲ್ಲದೆ ಹರಡಿಕೊಂಡಿತ್ತು. ಅಷ್ಟರಲ್ಲಾಗಲೇ ಎಂಟಾಣೆ ನಾಣ್ಯದಷ್ಟು ಅಗಲ. ಚರ್ಮರೋಗ ತಜ್ಞರು ನೋಡಿ, ಬಯಾಪ್ಸಿ (ತುಂಡು ತೆಗೆದು ಮಾಡುವ ಪರೀಕ್ಷೆ) ಮಾಡಿಸಿ, ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಎಂದರು.

ಆಮೇಲೆ ನಾನು ಈ ವಿಷಯದಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ. ಎಲ್ಲಿ ನೋಡಿದರೂ ಬಿಳಿ ಬೆನ್ನಿನ ಮೇಲಿನ ಮಚ್ಚೆಯ ಚಿತ್ರ, ಸಮುದ್ರ ದಂಡೆ, ಸನ್‌ಸ್ಕ್ರೀನ್. ಆ ಸಲಹೆಯಲ್ಲಿ ಸುಳ್ಳೇನೂ ಇಲ್ಲ. ಆದರೆ ಅದನ್ನು ಓದಿದ ನಮ್ಮವರು ಯಾರೂ ತಮ್ಮ ಅಂಗಾಲನ್ನು ತಿರುಗಿಸಿ ನೋಡಿಕೊಳ್ಳುವುದಿಲ್ಲ. ಅದಕ್ಕೇ ಈ ಮಾರ್ಗದರ್ಶಿಯನ್ನು ಕಾಲಿನಿಂದ ಶುರುಮಾಡಿ ಬರೆದಿದ್ದೇನೆ. ನಾನು ವೈದ್ಯೆಯಲ್ಲ. ಇದನ್ನು ಓದಿ ರೋಗ ಯಾವುದೆಂದು ತೀರ್ಮಾನಿಸಲು ಆಗುವುದಿಲ್ಲ. ವೈದ್ಯರ ಬಳಿ ಯಾವಾಗ ಹೋಗಬೇಕು ಎಂದು ತೀರ್ಮಾನಿಸಬಹುದು.

ಹಂತ 1: ಮೂರು ಬಗೆಗಳನ್ನು ತಿಳಿದುಕೊಳ್ಳಿ

ನಮ್ಮ ದೇಶದ ಒಟ್ಟು ಕ್ಯಾನ್ಸರ್‌ಗಳಲ್ಲಿ ಚರ್ಮದ್ದು ಸುಮಾರು ಶೇಕಡಾ 1ರ ಆಸುಪಾಸು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಬಿಸಿಲಿನ ನೇರಳಾತೀತ ಕಿರಣಗಳನ್ನು ತಡೆಯುವುದರಿಂದ ಗೋಧಿ ಬಣ್ಣದವರಿಗೂ ಕಪ್ಪಗಿರುವವರಿಗೂ ಹುಟ್ಟಿನಿಂದಲೇ ಒಂದಷ್ಟು ರಕ್ಷಣೆ ಇದೆ. ತೊಂದರೆ ಶುರುವಾಗುವುದೂ ಅಲ್ಲಿಂದಲೇ. ನಮಗೆ ಬರುವುದಿಲ್ಲ ಎಂಬ ಧೈರ್ಯದಿಂದ ತಡವಾಗಿ ಹೋಗುತ್ತೇವೆ.

ಬೇಸಲ್ ಸೆಲ್ ಕಾರ್ಸಿನೋಮ ಸಾಮಾನ್ಯವಾಗಿ ಮುಖದಲ್ಲಿ, ಅದರಲ್ಲೂ ಮೂಗು, ಕಣ್ಣಿನ ಮೂಲೆ, ಕೆನ್ನೆಯ ಮೇಲೆ ಏಳುತ್ತದೆ. ಮುತ್ತಿನಂತೆ ಹೊಳೆಯುವ ಸಣ್ಣ ಗುಳ್ಳೆ, ಅಂಚು ದಾರ ಸುತ್ತಿಟ್ಟ ಹಾಗೆ ಎದ್ದಿರುತ್ತದೆ. ನಮ್ಮ ಚರ್ಮದಲ್ಲಿ ಇದು ಬಹಳ ಸಲ ಕಪ್ಪಾಗಿಯೇ ಇರುವುದರಿಂದ ಮಚ್ಚೆ ಅಂದುಕೊಳ್ಳುತ್ತೇವೆ. ದೇಹದ ಬೇರೆ ಕಡೆಗೆ ಹರಡುವುದು ತೀರಾ ಅಪರೂಪ, ಆದರೆ ಬಿಟ್ಟರೆ ಇದ್ದಲ್ಲೇ ಕೊರೆಯುತ್ತಾ ಮೂಗಿನ ಮೃದ್ವಸ್ಥಿಯನ್ನೂ ತಿಂದುಹಾಕುತ್ತದೆ.

ಸ್ಕ್ವೇಮಸ್ ಸೆಲ್ ಕಾರ್ಸಿನೋಮ ಗಟ್ಟಿ ಗಂಟಾಗಿಯೋ ಹಕ್ಕಳೆ ಕಟ್ಟಿ ಕಟ್ಟಿ ರಕ್ತ ಒಸರುವ ಹುಣ್ಣಾಗಿಯೋ ಕಾಣಿಸುತ್ತದೆ. ಕೆಳತುಟಿ, ಕಿವಿಯ ಅಂಚು, ಕೈಯ ಹಿಂಭಾಗ, ಹಳೆಯ ಸುಟ್ಟ ಕಲೆ ಇದರ ಜಾಗಗಳು. ಇದು ದುಗ್ಧಗ್ರಂಥಿಗಳಿಗೆ, ಅಂದರೆ ಕತ್ತು, ಕಂಕುಳು, ತೊಡೆಸಂದಿಯಲ್ಲಿರುವ ಲಿಂಫ್ ಗ್ರಂಥಿಗಳಿಗೆ, ಹರಡಬಲ್ಲದು.

ಮೆಲನೋಮ ಇವುಗಳಲ್ಲಿ ಕಡಿಮೆ ಕಾಣುವುದು, ಹೆಚ್ಚು ಅಪಾಯದ್ದು. ಬಣ್ಣ ತಯಾರಿಸುವ ಕೋಶಗಳಲ್ಲೇ ಹುಟ್ಟುತ್ತದೆ. ಕಪ್ಪು, ಕಂದು ಚರ್ಮದವರಲ್ಲಿ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ, ಅಂದರೆ ಬಿಸಿಲು ಬೀಳದ ಜಾಗದಲ್ಲೇ ಬರುತ್ತದೆ. ಜಮೈಕಾದ ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಪತ್ತೆಯಾದದ್ದು ಕಾಲಿನ ಹೆಬ್ಬೆರಳ ಉಗುರಿನ ಅಡಿಯಲ್ಲಿ. ಫುಟ್‌ಬಾಲ್ ಆಡುವಾಗ ಆದ ಪೆಟ್ಟು ಎಂದೇ ಮೊದಲು ಭಾವಿಸಲಾಗಿತ್ತು. 1981ರ ಮೇನಲ್ಲಿ ಅವರು ತೀರಿಕೊಂಡಾಗ ವಯಸ್ಸು 36.

ಹಂತ 2: ನಿಮ್ಮ ಮನೆಯಲ್ಲಿ ಯಾರಿಗೆ ಅಪಾಯ ಹೆಚ್ಚು?

ಒಂದು ಸಂಜೆ ಕೂತು ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ನೆನೆಸಿಕೊಳ್ಳಿ. ವರ್ಷಗಟ್ಟಲೆ ಹೊಲದಲ್ಲಿ, ಕಟ್ಟಡದ ಕೆಲಸದಲ್ಲಿ, ದೋಣಿಯಲ್ಲಿ ದುಡಿದವರ ಮುಖ, ಕಿವಿ, ತುಟಿ ಅಷ್ಟೂ ವರ್ಷದ ಬಿಸಿಲು ಕುಡಿದಿರುತ್ತವೆ. ಆದರೆ ನಮ್ಮಲ್ಲಿ ಬಿಸಿಲಿಗಿಂತ ಬೇರೆ ಕಾರಣಗಳ ಪಟ್ಟಿಯೇ ಉದ್ದವಾಗಿದೆ.

ಹಳೆಯ ಗಾಯ ಇದರಲ್ಲಿ ಮುಖ್ಯವಾದದ್ದು. ಚಿಕ್ಕವರಿದ್ದಾಗ ಒಲೆಗೆ ಬಿದ್ದು ಸುಟ್ಟ ಕಾಲು, ಚರ್ಮ ಬಿಗಿದುಕೊಂಡು ಮಂಡಿಯ ಹಿಂದೆ ಆಗಾಗ ಒಡೆಯುವ ಕಲೆ, ವರ್ಷಗಳಿಂದ ಒಣಗದ ಹುಣ್ಣು, ಮೂಳೆಯ ಸೋಂಕಿನಿಂದ ಕೀವು ಸೋರುವ ತೂತು, ಕುಷ್ಠರೋಗ ಗುಣವಾದ ಮೇಲೂ ಸ್ಪರ್ಶವಿಲ್ಲದ ಪಾದದಲ್ಲಿ ಉಳಿದ ವ್ರಣ, ಇವುಗಳಲ್ಲಿ ಸ್ಕ್ವೇಮಸ್ ಕ್ಯಾನ್ಸರ್ ಹುಟ್ಟಬಹುದು. ಇದಕ್ಕೆ ಮಾರ್ಜೊಲಿನ್ ಹುಣ್ಣು ಎನ್ನುತ್ತಾರೆ. 1828ರಲ್ಲಿ ಇಂಥ ಹುಣ್ಣುಗಳನ್ನು ವಿವರಿಸಿದ ಫ್ರೆಂಚ್ ಶಸ್ತ್ರವೈದ್ಯನ ಹೆಸರು ಅದು. ಸುಟ್ಟ ಗಾಯಕ್ಕೂ ಕ್ಯಾನ್ಸರ್‌ಗೂ ನಡುವೆ ಸರಾಸರಿ 30 ವರ್ಷದಷ್ಟು ಅಂತರ ಇರುತ್ತದೆ. ಹಾಗಾಗಿ ಐವತ್ತರ ವಯಸ್ಸಿನಲ್ಲಿ ಕಲೆ ಒಡೆದಾಗ ಬಾಲ್ಯದ ಬೆಂಕಿಯ ನೆನಪು ಯಾರಿಗೂ ಬರುವುದಿಲ್ಲ.

ತಿಕ್ಕಾಟ, ಶಾಖ ಕೂಡ ಕಾರಣವೇ. ಮುಂಬೈನ ರೋಗಶಾಸ್ತ್ರಜ್ಞ ವಿ.ಆರ್. ಖಾನೋಲ್ಕರ್ 1945ರಲ್ಲೇ ಪಂಚೆಯನ್ನು ಬಿಗಿಯಾಗಿ ಕಟ್ಟುವವರ ಸೊಂಟದಲ್ಲಿ ಬರುವ ಕ್ಯಾನ್ಸರ್ ಬಗ್ಗೆ ಬರೆದಿದ್ದರು. ಸೀರೆಯೊಳಗಿನ ಲಂಗದ ಲಾಡಿ ದಿನವೂ ಒಂದೇ ಜಾಗದಲ್ಲಿ ಬಿಗಿದು ಚರ್ಮ ಕಪ್ಪಾಗಿ, ಒರಟಾಗಿ, ಒಡೆದು ಹುಣ್ಣಾಗುವುದು ಬಹಳ ಹೆಂಗಸರಿಗೆ ಗೊತ್ತು. ಅದು ಕ್ಯಾನ್ಸರ್ ಆಗುವುದು ಅಪರೂಪ, ಆದರೆ ಆಗಿದೆ. ಕಾಶ್ಮೀರದಲ್ಲಿ ಚಳಿಗೆ ಕೆಂಡದ ಮಡಕೆಯನ್ನು, ಅಂದರೆ ಕಾಂಗ್ರಿಯನ್ನು, ನಿಲುವಂಗಿಯೊಳಗೆ ಇಟ್ಟುಕೊಳ್ಳುವವರ ತೊಡೆ, ಹೊಟ್ಟೆಯಲ್ಲಿ ಬರುವುದಕ್ಕೆ ಕಾಂಗ್ರಿ ಕ್ಯಾನ್ಸರ್ ಎಂದೇ ಹೆಸರು.

ನೀರಿನಲ್ಲಿರುವ ಆರ್ಸೆನಿಕ್ ಎಂಬ ವಿಷ ಮತ್ತೊಂದು. ಪಶ್ಚಿಮ ಬಂಗಾಳದ ನೀರಿನಲ್ಲಿ ಅದು ಬೆರೆತಿರುವ ಕಥೆ ಎಲ್ಲರಿಗೂ ಗೊತ್ತು. ನಮ್ಮ ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲೂ, ಹಳೆಯ ಚಿನ್ನದ ಗಣಿಯ ಸೀಮೆಯಲ್ಲಿ, ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಪತ್ತೆಯಾಗಿ ಜನರ ಚರ್ಮದಲ್ಲಿ ಅದರ ಗುರುತುಗಳು ಕಂಡಿದ್ದವು. ಅಂಗೈ ಅಂಗಾಲಿನಲ್ಲಿ ಕಾಳುಕಾಳಾಗಿ ಗಟ್ಟಿ ಚರ್ಮ, ಎದೆ ಬೆನ್ನಿನ ಮೇಲೆ ಮಳೆ ಹನಿ ಬಿದ್ದಂಥ ಕಪ್ಪು ಬಿಳಿ ಚುಕ್ಕೆ, ಇವೇ ಆ ಗುರುತುಗಳು. ಒಂದೇ ಕೊಳವೆಬಾವಿಯ ನೀರು ಕುಡಿಯುವ ಹಲವರಿಗೆ ಹೀಗಾಗಿದ್ದರೆ ಒಬ್ಬೊಬ್ಬರೇ ಮುಲಾಮು ಹಚ್ಚಿಕೊಂಡು ಕೂರಬೇಡಿ, ನೀರಿನ ಪರೀಕ್ಷೆ ಮಾಡಿಸಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಕುದಿಸಿದರೆ ಆರ್ಸೆನಿಕ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪಾಲು ಹೆಚ್ಚುತ್ತದೆ.

ಇನ್ನು ಹುಟ್ಟಿನಿಂದ ಬರುವವು. ಮೈ, ಕೂದಲು, ರೆಪ್ಪೆ ಎಲ್ಲ ಬೆಳ್ಳಗಿರುವ ಆಲ್ಬಿನಿಸಂ ಇರುವವರಿಗೆ ಮೆಲನಿನ್ ರಕ್ಷಣೆಯೇ ಇಲ್ಲ, ಅವರಿಗೆ ಬಿಸಿಲು ನಿಜವಾದ ಅಪಾಯ. (ಇದು ತೊನ್ನಲ್ಲ.) ಕ್ಸೆರೋಡರ್ಮಾ ಪಿಗ್ಮೆಂಟೋಸಮ್ ಎಂಬ ಅಪರೂಪದ ಕಾಯಿಲೆಯಲ್ಲಿ ಬಿಸಿಲಿನಿಂದ ಕೆಟ್ಟ ಜೀನನ್ನು ರಿಪೇರಿ ಮಾಡುವ ಶಕ್ತಿಯೇ ದೇಹಕ್ಕಿರುವುದಿಲ್ಲ. ಎರಡು ವರ್ಷ ತುಂಬುವ ಮೊದಲೇ ಮಗುವಿನ ಮುಖದ ತುಂಬ ಚುಕ್ಕೆ, ಸ್ವಲ್ಪ ಬಿಸಿಲಿಗೇ ಬೊಬ್ಬೆ, ಬೆಳಕಿಗೆ ಕಣ್ಣು ಬಿಡಲಾಗದೆ ಅಳು, ಹೀಗಿದ್ದರೆ ತಡಮಾಡಬೇಡಿ. ಹತ್ತು ವರ್ಷದೊಳಗೇ ಕ್ಯಾನ್ಸರ್ ಬರಬಹುದು. ತಂದೆ ತಾಯಿ ಇಬ್ಬರಲ್ಲೂ ಅದೇ ಜೀನ್ ಅಡಗಿದ್ದರೆ ಮಾತ್ರ ಮಗುವಿಗೆ ಬರುವ ಕಾಯಿಲೆ ಇದು. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ಇರುವ ನಮ್ಮ ಮನೆಗಳಲ್ಲಿ ಅಂಥ ಸಾಧ್ಯತೆ ಹೆಚ್ಚು.

ಕಿಡ್ನಿ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರು, ಹಿಂದೆ ರೇಡಿಯೇಶನ್ ಆದವರು, ಮನೆಯಲ್ಲಿ ಯಾರಿಗಾದರೂ ಮೆಲನೋಮ ಆಗಿದ್ದವರು ಕೂಡ ಈ ಪಟ್ಟಿಯಲ್ಲಿ ಸೇರುತ್ತಾರೆ.

ಹಂತ 3: ತಿಂಗಳಿಗೊಮ್ಮೆ ಮೈ ನೋಡಿಕೊಳ್ಳುವುದು

ಹದಿನೈದು ನಿಮಿಷ ಸಾಕು. ಎಣ್ಣೆಸ್ನಾನದ ದಿನ ಇಟ್ಟುಕೊಂಡರೆ ಮರೆಯುವುದಿಲ್ಲ. ಕಿಟಕಿಯ ಹತ್ತಿರ ಹಗಲು ಬೆಳಕಿರಲಿ, ಕೈಗನ್ನಡಿ ಒಂದು, ಮೊಬೈಲ್ ಒಂದು, ಒಂದು ರೂಪಾಯಿ ನಾಣ್ಯ ಒಂದು.

ಕಾಲಿನಿಂದ ಶುರು. ಪಾದ ತೊಳೆದು ಒರೆಸಿ, ಸ್ಟೂಲಿನ ಮೇಲೆ ಕೂತು, ಒಂದು ಕಾಲನ್ನು ಇನ್ನೊಂದರ ಮೇಲೆ ಹಾಕಿಕೊಂಡು ಅಂಗಾಲು ತಿರುಗಿಸಿ. ಹಿಮ್ಮಡಿಯ ಬಿರುಕಿನೊಳಗೆ, ಬೆರಳ ಸಂದಿಯಲ್ಲಿ ಬಿಡಿಸಿ ನೋಡಿ. ಬಗ್ಗಲಾಗದವರಿಗೆ ಮನೆಯವರು ನೋಡಬೇಕು. ಸಕ್ಕರೆ ಕಾಯಿಲೆ ಇರುವವರು ಹೇಗೂ ದಿನವೂ ಪಾದ ನೋಡಿಕೊಳ್ಳಬೇಕಲ್ಲ, ಅದರ ಜೊತೆಗೇ ಇದೂ ಆಗುತ್ತದೆ. ಉಗುರಿಗೆ ಬಣ್ಣ, ಮೆಹೆಂದಿ ಇದ್ದರೆ ಅದು ಹೋದ ಮೇಲೆ ಮತ್ತೊಮ್ಮೆ ನೋಡಿ. ಆಮೇಲೆ ಅಂಗೈ, ಸೊಂಟದ ಸುತ್ತ ಲಾಡಿ ಕೂರುವ ಜಾಗ, ಹಳೆಯ ಕಲೆಗಳು, ಬೆನ್ನು, ಕಿವಿಯ ಹಿಂದೆ, ಕೆಳತುಟಿ, ಬಾಯಿಯ ಒಳಗೆ, ಗುಪ್ತಾಂಗದ ಚರ್ಮ. ನೆತ್ತಿಯನ್ನು ನಾವೇ ನೋಡಿಕೊಳ್ಳಲಾಗದು. ಜಡೆ ಹಾಕುವವರಿಗೆ, ತಲೆಗೆ ಎಣ್ಣೆ ಹಚ್ಚುವವರಿಗೆ, ಕ್ಷೌರ ಮಾಡುವವರಿಗೆ ಹೇಳಿಟ್ಟರೆ ಅವರ ಕಣ್ಣಿಗೆ ಬೀಳುತ್ತದೆ.

ಸಂಶಯ ಬಂದ ಮಚ್ಚೆಯ ಪಕ್ಕ ನಾಣ್ಯ ಇಟ್ಟು ಫೋಟೋ ತೆಗೆಯಿರಿ. ಮುಂದಿನ ತಿಂಗಳು ಅದೇ ಜಾಗ, ಅದೇ ಬೆಳಕು, ಅದೇ ನಾಣ್ಯ. ದಿನಾ ನೋಡುವ ಕಣ್ಣಿಗೆ ಬೆಳವಣಿಗೆ ತಿಳಿಯುವುದಿಲ್ಲ. ಎರಡು ಫೋಟೋ ಪಕ್ಕಪಕ್ಕ ಇಟ್ಟರೆ ತಿಳಿಯುತ್ತದೆ.

ಹಂತ 4: ಯಾವುದು ಎಚ್ಚರಿಕೆಯ ಗುರುತು?

ಮಚ್ಚೆಯ ವಿಷಯದಲ್ಲಿ ಐದು ಪ್ರಶ್ನೆ ಕೇಳಿಕೊಳ್ಳಿ. ನಡುವೆ ಗೆರೆ ಎಳೆದರೆ ಎರಡು ಅರ್ಧಗಳು ಹೊಂದುತ್ತವೆಯೇ? ಅಂಚು ಸ್ಪಷ್ಟವೇ, ಅಥವಾ ಹರಿದಂತೆ, ಇಂಗಿದಂತೆ ಇದೆಯೇ? ಬಣ್ಣ ಒಂದೇಯೋ, ಎರಡು ಮೂರೋ? ಅಗಲ 6 ಮಿಲಿಮೀಟರ್, ಅಂದರೆ ಪೆನ್ಸಿಲ್ಲಿನ ಹಿಂಬದಿಗಿಂತ ಹೆಚ್ಚೇ? ಕೊನೆಯದೇ ಎಲ್ಲಕ್ಕಿಂತ ಮುಖ್ಯ: ಬದಲಾಗುತ್ತಿದೆಯೇ? ದೊಡ್ಡಮ್ಮನ ಚುಕ್ಕೆಗೆ ಈ ಐದಕ್ಕೂ ಉತ್ತರ ಕೆಟ್ಟದ್ದೇ ಆಗಿತ್ತು, ಆದರೆ ಕೇಳಿದವರು ಯಾರೂ ಇರಲಿಲ್ಲ. ಇದರ ಜೊತೆ ಇನ್ನೊಂದು ಸುಲಭದ ನೋಟ ಇದೆ. ಒಬ್ಬರ ಮೈಮೇಲಿನ ಮಚ್ಚೆಗಳೆಲ್ಲ ಒಂದೇ ಮನೆಯವರಂತೆ ಇರುತ್ತವೆ. ಅವುಗಳ ನಡುವೆ ಒಂದು ಮಾತ್ರ ಬೇರೆ ಊರಿನದಂತೆ ಕಂಡರೆ ಅದನ್ನು ತೋರಿಸಿ.

ಪಾದದಲ್ಲಿ ಈ ಐದು ಪ್ರಶ್ನೆಯೂ ಸಾಲದಿರಬಹುದು, ಏಕೆಂದರೆ ಕೆಲವು ಮೆಲನೋಮಗಳಿಗೆ ಬಣ್ಣವೇ ಇರುವುದಿಲ್ಲ. ಹಸಿ ಮಾಂಸದಂತೆ ಗುಲಾಬಿ ಬಣ್ಣದ ಗುಳ್ಳೆಯಾಗಿ, ಮುಟ್ಟಿದರೆ ರಕ್ತ ಬರುವಂತೆ ಇರುತ್ತವೆ. ಹಾಗಾಗಿ ಪಾದದ ನಿಯಮ ಬೇರೆ: ಏನೆಂದು ಖಚಿತವಾಗದ ಗುರುತು, ಚರ್ಮದ ಬಣ್ಣಕ್ಕೆ ಹೊಂದದ್ದು, ರಕ್ತ ಬರುವುದು, ಚಿಕಿತ್ಸೆ ಮಾಡಿದರೂ ಬೆಳೆಯುತ್ತಿರುವುದು, 2 ತಿಂಗಳಾದರೂ ಮಾಯದ್ದು. ಇವುಗಳಲ್ಲಿ ಎರಡು ಇದ್ದರೆ ತಜ್ಞರು ನೋಡಲೇಬೇಕು.

ಉಗುರಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಇಲ್ಲಿ ಗಾಬರಿಯೂ ಹೆಚ್ಚು, ನಿರ್ಲಕ್ಷ್ಯವೂ ಹೆಚ್ಚು. ಉಗುರಿನ ಬುಡದಿಂದ ತುದಿಯವರೆಗೆ ಉದ್ದಕ್ಕೆ ಕಂದು ಗೆರೆ ಇರುವುದು ನಮ್ಮಂಥ ಚರ್ಮದಲ್ಲಿ ತೀರಾ ಸಾಮಾನ್ಯ. ಹಲವು ಬೆರಳುಗಳಲ್ಲಿ, ವರ್ಷಗಳಿಂದ ಒಂದೇ ಅಗಲದಲ್ಲಿ ಇದ್ದರೆ ಸಾಮಾನ್ಯವಾಗಿ ಚಿಂತೆಗೆ ಕಾರಣವಿಲ್ಲ. ಒಂದೇ ಬೆರಳಿನಲ್ಲಿ, ಅದರಲ್ಲೂ ಹೆಬ್ಬೆರಳಿನಲ್ಲಿ, ಹೊಸದಾಗಿ ಬಂದು ಅಗಲವಾಗುತ್ತಾ ಹೋಗುವ ಗೆರೆ, 3 ಮಿಲಿಮೀಟರ್‌ಗಿಂತ ದಪ್ಪ, ಅಂಚು ಮಸುಕು, ಉಗುರು ಸೀಳುವುದು, ಇವು ಬೇರೆ ವಿಷಯ. ಕಪ್ಪು ಬಣ್ಣ ಉಗುರನ್ನು ದಾಟಿ ಬುಡದ ಚರ್ಮಕ್ಕೆ ಹತ್ತಿದ್ದರೆ ಒಂದು ದಿನವೂ ಕಾಯಬೇಡಿ. ಉಗುರುಸುತ್ತು ಎಂದು ನಿಂಬೆಹಣ್ಣು ಸಿಕ್ಕಿಸಿಕೊಂಡು ತಿಂಗಳುಗಟ್ಟಲೆ ಕೂರುವ ಹೊತ್ತಲ್ಲ ಅದು.

ಬಾಗಿಲಿಗೆ ಸಿಕ್ಕಿ ಉಗುರಡಿ ರಕ್ತ ಹೆಪ್ಪುಗಟ್ಟಿದ್ದರೆ? ಕಲೆಯ ಬುಡದ ಅಂಚು ಎಲ್ಲಿದೆ ಎಂದು ಫೋಟೋ ತೆಗೆದಿಡಿ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಕಾಲುಗುರು ಅದರ ಅರ್ಧದಷ್ಟು. ಹೆಪ್ಪು ರಕ್ತವಾದರೆ ಉಗುರಿನ ಜೊತೆ ಮುಂದಕ್ಕೆ ಸರಿದು, ಬುಡದಲ್ಲಿ ಶುಭ್ರ ಉಗುರು ಕಾಣಿಸಿಕೊಳ್ಳುತ್ತದೆ. ಎರಡು ತಿಂಗಳಾದರೂ ಬುಡ ಬಿಡದಿದ್ದರೆ ತೋರಿಸಿ.

ಹಳೆಯ ಸುಟ್ಟ ಕಲೆಯಲ್ಲಿ ಹುಣ್ಣು ಎದ್ದು, ಅಂಚು ದಿಬ್ಬದಂತೆ ಎತ್ತರವಾಗಿ, ವಾಸನೆ ಬರತೊಡಗಿದರೆ ಅದೂ ತೋರಿಸಬೇಕಾದದ್ದೇ. ಮುಖದ ಗುಳ್ಳೆ ಮಾಯ್ದ ಹಾಗೆ ಮಾಡಿ ಮತ್ತೆ ಮತ್ತೆ ಒಡೆಯುತ್ತಿದ್ದರೆ, ಒಂದು ತಿಂಗಳಿಗಿಂತ ಹೆಚ್ಚು ಕಾಯುವುದು ಬೇಡ.

ಹಂತ 5: ಮನೆಯಲ್ಲಿ ಮಾಡಬಾರದ್ದು

ಮಚ್ಚೆಗೆ, ನರುಳ್ಳೆಗೆ ಸುಣ್ಣ, ಆಸಿಡ್, ಗೇರುಬೀಜದ ಎಣ್ಣೆ ಹಚ್ಚಬೇಡಿ. ಕೂದಲು ಕಟ್ಟಿ ಬೀಳಿಸಬೇಡಿ, ಊದುಬತ್ತಿಯಿಂದ ಸುಡಬೇಡಿ. ಇದರಿಂದಲೇ ಕ್ಯಾನ್ಸರ್ ಬರುತ್ತದೆ ಎಂದಲ್ಲ. ಮೇಲಿನ ಗುರುತು ಅಳಿಸಿಹೋಗಿ ಬುಡ ಉಳಿಯುತ್ತದೆ, ಪರೀಕ್ಷೆಗೆ ಕಳಿಸಲು ತುಂಡೂ ಇರುವುದಿಲ್ಲ. ಬ್ಯೂಟಿ ಪಾರ್ಲರಿನಲ್ಲಿ ಮಚ್ಚೆ ಸುಡಿಸುವುದಕ್ಕೂ ಇದೇ ಮಾತು. ಅಂಗಡಿಯಲ್ಲಿ ಕೇಳಿ ತಂದ ಸ್ಟಿರಾಯ್ಡ್ ಮುಲಾಮು ಕೆಂಪು, ತುರಿಕೆ ತಗ್ಗಿಸಿ ಗುಣವಾಗುತ್ತಿದೆ ಎಂಬ ಸಮಾಧಾನ ಕೊಡುತ್ತದೆ, ಅಷ್ಟರಲ್ಲಿ ತಿಂಗಳುಗಳು ಹೋಗಿರುತ್ತವೆ.

ಹಂತ 6: ವೈದ್ಯರ ಬಳಿ

ಚರ್ಮರೋಗ ತಜ್ಞರು ಡರ್ಮೊಸ್ಕೋಪ್ ಎಂಬ ಬೆಳಕಿನ ಮಸೂರ ಇಟ್ಟು ನೋಡುತ್ತಾರೆ. ನೋವಿಲ್ಲ. ನೀವು ಹೇಳಬೇಕಾದದ್ದು: ಯಾವಾಗ ಮೊದಲು ಕಂಡಿತು, ಏನೇನು ಹಚ್ಚಿದ್ದೀರಿ, ಅಲ್ಲಿ ಹಿಂದೆ ಗಾಯ ಇತ್ತೇ. ಹಚ್ಚಿದ್ದನ್ನು ಮುಚ್ಚಿಡಬೇಡಿ. ದೊಡ್ಡಮ್ಮ ಬೈಸಿಕೊಳ್ಳುವ ಭಯಕ್ಕೆ ಸುಣ್ಣದ ಮಾತನ್ನೇ ಎತ್ತಲಿಲ್ಲ, ನಾನು ಹೇಳಬೇಕಾಯಿತು. ಜೊತೆಗೆ ಫೋಟೋಗಳನ್ನು ತೋರಿಸಿ.

ಸಂಶಯವಿದ್ದರೆ ಬಯಾಪ್ಸಿ. ಮರಗಟ್ಟಿಸುವ ಸೂಜಿ ಕೊಟ್ಟು 3–4 ಮಿಲಿಮೀಟರಿನ ತುಂಡು ತೆಗೆಯುತ್ತಾರೆ, ಒಂದೆರಡು ಹೊಲಿಗೆ. ಮೆಲನೋಮದ ಸಂಶಯವಿದ್ದರೆ ಸಾಧ್ಯವಾದಷ್ಟೂ ಇಡೀ ಮಚ್ಚೆಯನ್ನೇ ತೆಗೆಯುತ್ತಾರೆ. ಕತ್ತರಿ ತಾಗಿದರೆ ಹರಡುತ್ತದೆ ಎಂಬ ಮಾತು ನಮ್ಮಲ್ಲಿ ಎಷ್ಟು ಜನರನ್ನು ಮನೆಯಲ್ಲೇ ಕೂರಿಸಿದೆಯೋ! ಅದು ನಿಜವಲ್ಲ. ಬಯಾಪ್ಸಿಯಿಂದ ಚರ್ಮದ ಕ್ಯಾನ್ಸರ್ ಹರಡುವುದಿಲ್ಲ, ಬಯಾಪ್ಸಿ ಇಲ್ಲದೆ ಚಿಕಿತ್ಸೆ ಶುರುವಾಗುವುದೂ ಇಲ್ಲ.

ಮೆಲನೋಮದ ವರದಿಯಲ್ಲಿ ಬ್ರೆಸ್ಲೋ ದಪ್ಪ ಎಂಬ ಸಾಲು ಹುಡುಕಿ. ಕ್ಯಾನ್ಸರ್ ಎಷ್ಟು ಮಿಲಿಮೀಟರ್ ಆಳಕ್ಕೆ ಇಳಿದಿದೆ ಎಂಬ ಲೆಕ್ಕ ಅದು. 1 ಮಿಲಿಮೀಟರ್‌ಗಿಂತ ತೆಳುವಿದ್ದಾಗ ಸಿಕ್ಕರೆ ಬಹುತೇಕರು ಶಸ್ತ್ರಚಿಕಿತ್ಸೆಯೊಂದರಿಂದಲೇ ಗುಣವಾಗುತ್ತಾರೆ. ಆಳ ಹೆಚ್ಚಿದಂತೆ ದುಗ್ಧಗ್ರಂಥಿಗೆ ಹರಡಿರುವ ಸಾಧ್ಯತೆ ಹೆಚ್ಚುತ್ತದೆ. ವರದಿಯ ಜೊತೆ ಸ್ಲೈಡ್ (ತುಂಡಿನ ತೆಳು ಪದರ ಇಟ್ಟ ಗಾಜು), ಬ್ಲಾಕ್ (ಮೇಣದಲ್ಲಿ ಹುದುಗಿಸಿಟ್ಟ ತುಂಡು) ಎರಡನ್ನೂ ಲ್ಯಾಬಿನಿಂದ ಕೇಳಿ ಪಡೆದುಕೊಳ್ಳಿ. ಬೇರೆ ಆಸ್ಪತ್ರೆಗೆ ಹೋದಾಗ ಮೊದಲು ಕೇಳುವುದೇ ಅವನ್ನು. ನಾವು ಅದಕ್ಕಾಗಿ ಎರಡು ಸಲ ಬಸ್ ಹತ್ತಿ ವಾಪಸ್ ಹೋದೆವು.

ಬೆಂಗಳೂರಿನ ಕಿದ್ವಾಯಿ ಸಂಸ್ಥೆ, ಸರ್ಕಾರಿ ವೈದ್ಯಕೀಯ ಕಾಲೇಜುಗಳ ಚರ್ಮ ವಿಭಾಗ, ಹುಬ್ಬಳ್ಳಿಯ ಕ್ಯಾನ್ಸರ್ ಆಸ್ಪತ್ರೆ, ಇವೆಲ್ಲ ನಮ್ಮಲ್ಲಿವೆ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡಾ 30, ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕೇ ಎಂದು ಮೊದಲೇ ವಿಚಾರಿಸಿಕೊಂಡು, ರೇಷನ್ ಕಾರ್ಡು, ಆಧಾರ್ ಇಟ್ಟುಕೊಂಡೇ ಹೊರಡಿ.

ಹಂತ 7: ತಡೆಯುವುದು

ಅಂಗಾಲಿನ ಮೆಲನೋಮಕ್ಕೆ ಸನ್‌ಸ್ಕ್ರೀನ್ ಉತ್ತರವಲ್ಲ. ಅಲ್ಲಿ ಇರುವ ದಾರಿ ಬೇಗ ನೋಡಿಕೊಳ್ಳುವುದೊಂದೇ. ಗಾಯದ ಕ್ಯಾನ್ಸರನ್ನಾದರೋ ನಿಜವಾಗಿ ತಡೆಯಬಹುದು: ಸುಟ್ಟ ಗಾಯ ದೊಡ್ಡದಿದ್ದರೆ ಚರ್ಮ ಕಸಿ ಮಾಡಿಸಿ, ಒಣಗದ ಹುಣ್ಣನ್ನು ವರ್ಷಗಟ್ಟಲೆ ಡ್ರೆಸಿಂಗಿನಲ್ಲೇ ಉಳಿಸಬೇಡಿ. ಲಂಗಕ್ಕೆ ತೆಳು ಲಾಡಿಯ ಬದಲು ಅಗಲದ ಪಟ್ಟಿ ಹೊಲಿಸಿ, ಕಟ್ಟುವ ಜಾಗವನ್ನು ಒಂದಿಷ್ಟು ಮೇಲೆ ಕೆಳಗೆ ಬದಲಿಸಿ, ಮನೆಯಲ್ಲಿರುವಾಗ ಸಡಿಲ ಬಿಡಿ. ತುಟಿಗೆ ಬಿಸಿಲಿನ ಜೊತೆಗೆ ಹೊಗೆಸೊಪ್ಪು, ಬೀಡಿಯೂ ಹಾನಿ ಮಾಡುತ್ತವೆ.

ಬಿಸಿಲಿಗೆ ಒಂದು ಸರಳ ಅಳತೆ ಇದೆ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಕಿರಣ ತೀಕ್ಷ್ಣವಾಗಿದೆ. ಬೇಸಿಗೆಯ ನಡುಹಗಲಲ್ಲಿ ಬೆಂಗಳೂರಿನ ಯುವಿ ಸೂಚ್ಯಂಕ, ಅಂದರೆ ನೇರಳಾತೀತ ಕಿರಣದ ತೀವ್ರತೆಯ ಅಳತೆ, 11 ದಾಟುತ್ತದೆ, ಅದು ಅತಿ ತೀವ್ರ ಎಂಬ ಮಟ್ಟ. ಸುಮಾರು 900 ಮೀಟರ್ ಎತ್ತರದ ಊರಿನ ತಂಪು ಗಾಳಿಯಲ್ಲಿ ಅದು ಗೊತ್ತಾಗುವುದಿಲ್ಲ. ತಲೆಗೆ ಸುತ್ತಿದ ಟವೆಲ್ ನೆತ್ತಿ ಕಾಯುತ್ತದೆ, ಅಡಿಕೆ ಹಾಳೆಯ ಮುಟ್ಟಾಳೆಯೂ ಅಷ್ಟೇ. ಮೂಗು, ಕಿವಿ, ಕೆಳತುಟಿಗೆ ನೆರಳಿರುವುದಿಲ್ಲ. ಸುತ್ತಲೂ ಮೂರು ನಾಲ್ಕು ಬೆರಳು ಅಗಲದ ಅಂಚಿರುವ ಟೋಪಿ, ತುಂಬು ತೋಳಿನ ಅಂಗಿ, ಕೆಲಸದ ಹೊತ್ತನ್ನು ಬೆಳಗಿಗೂ ಸಂಜೆಗೂ ಸರಿಸುವುದು, ಹೊಲದವರಿಗೆ ಇವೇ ಸಾಧ್ಯವಾಗುವ ಮಾತು.

ಸನ್‌ಸ್ಕ್ರೀನ್ ಕಡ್ಡಾಯವಾಗಿ ಬೇಕಾದವರು ಆಲ್ಬಿನಿಸಂ, ಕ್ಸೆರೋಡರ್ಮಾ ಇರುವವರು ಮತ್ತು ಕಸಿ ಮಾಡಿಸಿಕೊಂಡವರು. ಎಸ್‌ಪಿಎಫ್ (ಬಿಸಿಲು ತಡೆಯುವ ಶಕ್ತಿಯ ನಂಬರು) 30 ಅಥವಾ ಹೆಚ್ಚಿನದು, ಬ್ರಾಡ್ ಸ್ಪೆಕ್ಟ್ರಮ್ ಎಂದು ಬರೆದಿರುವುದು ತನ್ನಿ. ಎಸ್‌ಪಿಎಫ್ 30 ಚರ್ಮ ಸುಡುವ ಕಿರಣದ ಸುಮಾರು ಶೇಕಡಾ 97ನ್ನು ತಡೆದರೆ 50 ತಡೆಯುವುದು 98ನ್ನು. ಹೆಚ್ಚು ನಂಬರಿಗೆ ದುಡ್ಡು ಸುರಿಯುವ ಬದಲು ಹಚ್ಚುವ ಪ್ರಮಾಣ ಹೆಚ್ಚಿಸಿ: ಮುಖ, ಕತ್ತಿಗೆ ಎರಡು ಬೆರಳುದ್ದ, ಎರಡು ಗಂಟೆಗೊಮ್ಮೆ ಮತ್ತೆ.

ಆಸ್ಟ್ರೇಲಿಯಾದಲ್ಲಿರುವ ನಮ್ಮವರು ಅಲ್ಲಿಯ ನಿಯಮದಂತೆ ಸೂಚ್ಯಂಕ 3 ಮುಟ್ಟಿದೊಡನೆ ರಕ್ಷಣೆ ತೆಗೆದುಕೊಳ್ಳಲಿ, ಮಕ್ಕಳ ಟೋಪಿ ಮರೆಯದಿರಲಿ. ಟ್ಯಾನಿಂಗ್ ಯಂತ್ರದ ಹತ್ತಿರ ಯಾವ ದೇಶದಲ್ಲೂ ಹೋಗಬೇಡಿ. 2009ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ತಂಬಾಕಿನ ಸಾಲಿನಲ್ಲೇ, ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತವಾದವುಗಳ ಮೊದಲ ಗುಂಪಿನಲ್ಲಿ ಇಟ್ಟಿದೆ.

ಹಂತ 8: ಚಿಕಿತ್ಸೆ ಆದ ಮೇಲೆ

ಹೊಲಿಗೆ ಬಿಚ್ಚಿದೊಡನೆ ಮುಗಿಯುವುದಿಲ್ಲ. ಒಮ್ಮೆ ಬಂದವರಿಗೆ ಮತ್ತೆ ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು, ಅದಕ್ಕೇ ಮೊದಲ ವರ್ಷಗಳಲ್ಲಿ ಕೆಲವು ತಿಂಗಳಿಗೊಮ್ಮೆ ಕರೆಯುತ್ತಾರೆ. ಆ ದಿನಾಂಕಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿಡಿ. ಕಾಲಿನ ಮೆಲನೋಮ ಆದವರು ತೊಡೆಸಂದಿಯನ್ನು, ಕೈಯದಾದವರು ಕಂಕುಳನ್ನು ಬೆರಳ ತುದಿಯಿಂದ ಒತ್ತಿ ಒತ್ತಿ ನೋಡಿಕೊಳ್ಳುವುದನ್ನು ವೈದ್ಯರಿಂದ ಕೇಳಿ ಕಲಿಯಿರಿ.

ದೊಡ್ಡಮ್ಮ ಅದನ್ನು ಕಲಿತರು. ಹಿಮ್ಮಡಿಯ ಶಸ್ತ್ರಚಿಕಿತ್ಸೆ ಆದ ಎರಡನೇ ವರ್ಷ, ಸ್ನಾನ ಮಾಡುವಾಗ ತೊಡೆಸಂದಿಯಲ್ಲಿ ಕಡಲೆಕಾಳಿನಷ್ಟು ಗಟ್ಟಿ ಗಂಟು ಅವರ ಬೆರಳಿಗೇ ಮೊದಲು ಸಿಕ್ಕಿತು. ಮುಂದಿನ ಭೇಟಿಗೆ ಇನ್ನೂ ಏಳು ವಾರ ಇತ್ತು. ಈ ಸಲ ಏನನ್ನೂ ಹಚ್ಚಲಿಲ್ಲ, ಯಾರನ್ನೂ ಕೇಳಲಿಲ್ಲ. ನನಗೆ ಫೋನ್ ಮಾಡಿ, "ನಾಳೆ ಮೊದಲ ಬಸ್ಸಿಗೆ ಬರ್ತೀನಿ ಕಣೆ, ಸ್ಟ್ಯಾಂಡಿಗೆ ಬಂದಿರು" ಅಂದರು.